ಇನ್‌ಸ್ಟಾಕ್ಸ್ ಮಿನಿ 12: ಬಾಲಗೃಹದಲ್ಲಿ 14 ತಿಂಗಳು ಬಳಸಿ ನೋಡಿದ ಮೇಲೆ

ಈ ರಿವ್ಯೂನಲ್ಲಿ ಒಂದೂ ಫೋಟೋ ಇಲ್ಲ. ಕ್ಯಾಮೆರಾ ಬಗ್ಗೆ ಬರೆಯುವವರು ತಾವು ತೆಗೆದ ಚಿತ್ರ ಹಾಕಬೇಕು, ಅದು ಸರಿಯೇ. ಆದರೆ ನಾನು ತೆಗೆದದ್ದೆಲ್ಲ ಒಂದು ಬಾಲಗೃಹದ ಹೆಣ್ಣುಮಕ್ಕಳ ಫೋಟೋ. ಅವು ಅವರ ಹತ್ತಿರ ಇವೆ, ನನ್ನ ಹತ್ತಿರ ಇಲ್ಲ. ಒತ್ತಿದ ಕೂಡಲೇ ಪ್ರಿಂಟ್ ಹೊರಗೆ ಬರುವ ಈ ಕ್ಯಾಮೆರಾ ತಗೊಂಡದ್ದೇ ಅದಕ್ಕೋಸ್ಕರ.

ನಾನು ಫೋಟೋಗ್ರಾಫರ್ ಅಲ್ಲ. ಬ್ಯಾಂಕಿನಲ್ಲಿ 33 ವರ್ಷ ದುಡಿದು ನಿವೃತ್ತಳಾದವಳು. ಊರು ಕುಂದಾಪುರದ ಕಡೆ, ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಎರಡು ವಾರಕ್ಕೊಮ್ಮೆ ಭಾನುವಾರ ಈ ಬಾಲಗೃಹಕ್ಕೆ ಹೋಗಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಯಾವ ಬಾಲಗೃಹ, ಯಾವ ಸ್ಟೇಷನ್ ಹತ್ತಿರ ಅಂತ ಬರೆಯುವುದಿಲ್ಲ. ಮಕ್ಕಳ ಹೆಸರೂ ಬರೆಯುವುದಿಲ್ಲ.

ಹೋದ ವರ್ಷ ಜನವರಿಯಲ್ಲಿ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಬಂದು, "ತಾಈ, ನಾನು ಸಣ್ಣವಳಿದ್ದಾಗ ಹೇಗಿದ್ದೆ?" ಅಂತ ಕೇಳಿದಳು. ಇಲ್ಲಿ ಅಕ್ಕನಿಗೆ ತಾಈ ಅನ್ನುತ್ತಾರೆ, 61 ವರ್ಷದ ನಾನೂ ಅವರಿಗೆಲ್ಲ ತಾಈ. ಅವಳ ಶಾಲೆಯಲ್ಲಿ ಸೆಂಡ್‌ಆಫ್ ದಿನ ಒಂದು ಬೋರ್ಡ್ ಮಾಡುತ್ತಾರಂತೆ, ಎಲ್ಲರೂ ತಮ್ಮ ಬಾಲ್ಯದ ಒಂದು ಫೋಟೋ ತರಬೇಕು, ಯಾರು ಯಾರು ಅಂತ ಉಳಿದವರು ಗುರುತಿಸಬೇಕು. ಸುಮ್ನೆ ಒಂದು ಆಟ. ಟೀಚರ್ ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ಆದರೆ ಇವಳು ನಾಲ್ಕು ವರ್ಷದವಳಿದ್ದಾಗ ಇಲ್ಲಿಗೆ ಬಂದವಳು, ಅದಕ್ಕೂ ಮುಂಚಿನದು ಯಾರ ಹತ್ತಿರವೂ ಏನೂ ಇಲ್ಲ. ಬಾಲಗೃಹ ನೋಡಿಕೊಳ್ಳುವ ಮ್ಯಾಡಮ್ ಹತ್ತಿರ ಹೋಗಿ ಕೇಳಿದೆವು. ಫೈಲ್‌ನಲ್ಲಿ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಇತ್ತು, ಸೇರಿಸಿಕೊಂಡ ದಿನ ತೆಗೆದದ್ದು. ಹೇನು ಅಂತ ತಲೆಕೂದಲು ಪೂರ್ತಿ ಕತ್ತರಿಸಿದ್ದಾರೆ. ಅತ್ತು ಅತ್ತು ಕಣ್ಣು ಊದಿಕೊಂಡಿದೆ. ಅವಳು ಅದನ್ನು ತುಂಬಾ ಹೊತ್ತು ನೋಡಿದಳು, ಆಮೇಲೆ "ಇಷ್ಟೇನಾ?" ಅಂದಳು.

ಆ ಮಾತು ನನ್ನನ್ನು ಬಿಡಲೇ ಇಲ್ಲ. ಯಾಕೆಂದರೆ ಈ ಹುಡುಗಿಯ ಫೋಟೋ ಯಾರೂ ತೆಗೆದಿಲ್ಲ ಅಂತಲ್ಲ. ನೂರಾರು ಸಲ ತೆಗೆದಿದ್ದಾರೆ. ಮಗನ ಬರ್ತ್‌ಡೇ ಅಂತ ಕೇಕ್ ತಂದವರು, ದೀಪಾವಳಿಗೆ ಫರಾಳ ತಂದವರು, ಆಫೀಸಿನಿಂದ ಗುಂಪಾಗಿ ಬಂದವರು. ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಬಿಸ್ಕತ್ ಪ್ಯಾಕೆಟ್ ಕೊಟ್ಟು, "ಬೇಟಾ ಸ್ಮೈಲ್" ಅಂದು ತೆಗೆದು ಹೋಗಿದ್ದಾರೆ. ಆ ಫೋಟೋಗಳು ಈಗ ಯಾರ ಯಾರ ಫೋನಿನಲ್ಲಿ ಇವೆಯೋ. ಒಂದಾದರೂ ವಾಪಸ್ ಇವಳ ಕೈಗೆ ಬಂದದ್ದಿಲ್ಲ.

ಈಗ ಅಲ್ಲಿ ಮೊಬೈಲ್ ಗೇಟಿನ ಹತ್ತಿರವೇ ಕೊಟ್ಟು ಒಳಗೆ ಹೋಗಬೇಕು. ಅದು ಒಳ್ಳೆಯದೇ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇಂಥ ಮಕ್ಕಳ ಗುರುತು ಹೊರಗೆ ಬಿಡಬಾರದು ಅನ್ನುತ್ತದೆ. ಹೆಸರು, ವಿಳಾಸ, ಶಾಲೆ, ಫೋಟೋ, ಯಾವುದನ್ನೂ ಪ್ರಕಟಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕೆಲವು ಮಕ್ಕಳ ಕೇಸು ಇನ್ನೂ ಕೋರ್ಟಿನಲ್ಲಿದೆ. ಕೆಲವರನ್ನು ಹುಡುಕಿಕೊಂಡು ಬರಬಾರದವರು ಬರಬಹುದು. ಇನ್ನು ಕೆಲವರು, ನಾಳೆ ಕಾಲೇಜಿಗೆ ಹೋದಾಗ ಯಾರೋ ಹಳೆಯ ಪೋಸ್ಟ್ ತೆಗೆದು "ಇದು ನೀನೇ ಅಲ್ವಾ" ಅಂತ ಕೇಳುವುದು ಬೇಡ ಅಂದುಕೊಂಡವರು. ಅಷ್ಟು ಸಾಕು ಕಾರಣ.

ಆದರೆ ಇದರಿಂದ ಇನ್ನೊಂದು ಆಯಿತು. ಎಚ್ಚರಿಕೆಯ ಸಂಸ್ಥೆಗಳು ತಮ್ಮ ವರದಿಗಳಲ್ಲಿ ಮಕ್ಕಳ ಬೆನ್ನಿನ ಫೋಟೋ ಹಾಕುತ್ತವೆ, ಇಲ್ಲವೇ ಮುಖ ಮಸುಕು ಮಾಡುತ್ತವೆ. ಅದು ಸರಿಯಾದ ಕೆಲಸ. ಆದರೆ ಒಂಬತ್ತು ವರ್ಷದ ಒಬ್ಬಳು ಅಂಥ ಒಂದು ವರದಿಯ ಪುಸ್ತಕ ಹಿಡಿದುಕೊಂಡು ಬಂದು, ಎರಡು ಜಡೆಯ ಬೆನ್ನನ್ನು ತೋರಿಸಿ "ಇದು ನಾನು" ಅಂದಳು. ರಿಬ್ಬನ್ ಬಣ್ಣ ನೋಡಿ ಗುರುತು ಹಿಡಿದಿದ್ದಳು. ಹೊರಗಿನವರಿಗೆ ಮುಖ ಕಾಣಬಾರದು, ಒಪ್ಪಿದೆ. ಅವಳಿಗೆ ಅವಳ ಮುಖ ಕಾಣಬೇಕಲ್ಲ?

ಇದು ಇವತ್ತಿನ ಸಮಸ್ಯೆಯೂ ಅಲ್ಲ. ಲಂಡನ್ನಿನಲ್ಲಿ ಅನಾಥ ಮಕ್ಕಳಿಗೆ ಮನೆಗಳನ್ನು ನಡೆಸುತ್ತಿದ್ದ ಥಾಮಸ್ ಬರ್ನಾರ್ಡೊ 1870ರ ದಶಕದಲ್ಲೇ ಒಂದು ಫೋಟೋ ವಿಭಾಗ ಇಟ್ಟಿದ್ದರು. ಬಂದಾಗ ಹೀಗಿದ್ದ, ಈಗ ಹೀಗಾಗಿದ್ದಾನೆ ಅಂತ ಜೋಡಿ ಚಿತ್ರಗಳ ಕಾರ್ಡ್ ಮಾಡಿ ದುಡ್ಡು ಕೂಡಿಸಲು ಮಾರುತ್ತಿದ್ದರು. ಮಕ್ಕಳನ್ನು ಇದ್ದದ್ದಕ್ಕಿಂತ ಹೆಚ್ಚು ಹರುಕು ಬಟ್ಟೆಯಲ್ಲಿ ತೋರಿಸಿದ್ದಾರೆ ಅಂತ ದೂರು ಬಂದು 1877ರಲ್ಲಿ ವಿಚಾರಣೆಯೇ ನಡೆಯಿತು. ಅಂಥ ಚಿತ್ರ ಸರಿಯಲ್ಲ ಅಂತ ತೀರ್ಮಾನ ಬಂತು. ಆದರೆ ಅಲ್ಲಿ ಬೆಳೆದವರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ಆ ಸಂಸ್ಥೆಗೆ ಬರೆದು, ನಮ್ಮ ಅಜ್ಜನ ಫೋಟೋ ಇದೆಯಾ ಅಂತ ಕೇಳುತ್ತಾರೆ. ದುಡ್ಡಿಗಾಗಿ ತೆಗೆದದ್ದು ತಪ್ಪು. ತೆಗೆದು ಇಟ್ಟದ್ದು ಉಪಕಾರ. ಎರಡೂ ಒಂದೇ ಪೆಟ್ಟಿಗೆಯಲ್ಲಿ ಇವೆ. ಇದನ್ನು ಓದಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು, ಫೋಟೋ ತೆಗೆಯಬೇಕೋ ಬೇಡವೋ ಅನ್ನುವುದಕ್ಕಿಂತ ತೆಗೆದದ್ದು ಯಾರ ಕೈಯಲ್ಲಿ ಉಳಿಯುತ್ತದೆ ಅನ್ನುವುದು ದೊಡ್ಡದು.

ಮ್ಯಾಡಮ್ ಹತ್ತಿರ ಮಾತಾಡಿದೆ. ಅವರು, ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಗೆ ಪತ್ರ ಬರೆದರು. ಎರಡು ತಿಂಗಳು ಹಿಡಿಯಿತು. ಷರತ್ತು ಹಾಕಿ ಒಪ್ಪಿಗೆ ಬಂತು. ಡಿಜಿಟಲ್ ಕಾಪಿ ಇರಬಾರದು. ಹಿಂದೆ ಸಂಸ್ಥೆಯ ಹೆಸರು ಬರೆಯಬಾರದು. ಗೇಟಿನ ಬೋರ್ಡ್, ಶಾಲೆಯ ಬ್ಯಾಡ್ಜ್ ಚಿತ್ರದಲ್ಲಿ ಬರಬಾರದು. ಯಾವ ಫೋಟೋ ಯಾರಿಗೆ ಕೊಟ್ಟೆವು ಅಂತ ರಿಜಿಸ್ಟರ್‌ನಲ್ಲಿ ಬರೆಯಬೇಕು. ನಾಲ್ಕು ಮಕ್ಕಳ ಮುಖ ಸದ್ಯಕ್ಕೆ ತೆಗೆಯಲೇಬಾರದು.

ಮೊದಲ ಷರತ್ತಿನಿಂದಲೇ ಅರ್ಧ ಅಂಗಡಿ ಖಾಲಿ. ಫೋನಿನಲ್ಲಿ ತೆಗೆದು ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿದರೆ ತುಂಬಾ ಅಗ್ಗ, ಆದರೆ ಫೋನಿನಲ್ಲಿ ಉಳಿಯುತ್ತದೆ, ಕ್ಲೌಡ್‌ಗೆ ಹೋಗುತ್ತದೆ, ಲ್ಯಾಬಿನವರ ಕಂಪ್ಯೂಟರಿನಲ್ಲೂ ಉಳಿಯುತ್ತದೆ. ಮಿನಿ ಲಿಂಕ್ ಅನ್ನುವ ಪುಟ್ಟ ಪ್ರಿಂಟರ್ ಫೋನಿನಿಂದಲೇ ಚಿತ್ರ ತಗೊಳ್ಳುವುದು, ಅಲ್ಲೂ ಅದೇ ಕಥೆ. ಮಿನಿ ಇವೋ ಚೆನ್ನಾಗಿದೆ, ನೋಡಿ ಬೇಕಾದ್ದನ್ನು ಮಾತ್ರ ಪ್ರಿಂಟ್ ಮಾಡಬಹುದು, ಆದರೆ ಅದು ಒಳಗೆ ಡಿಜಿಟಲ್ ಕ್ಯಾಮೆರಾ. ಪೋಲರಾಯ್ಡ್‌ನ ಚಿತ್ರ ದೊಡ್ಡದು, ಬಣ್ಣ ನನಗೆ ಇಷ್ಟ. ಆದರೆ ಒಂದು ಪ್ಯಾಕ್‌ನಲ್ಲಿ 8 ಹಾಳೆ, ಫಿಲ್ಮ್ ಬೆಲೆ ಜಾಸ್ತಿ, ಚಿತ್ರ ಪೂರ್ತಿ ಮೂಡಲು 10-15 ನಿಮಿಷ ಬೇಕು, ಅಷ್ಟು ಹೊತ್ತು ಬೆಳಕಿನಿಂದ ಮುಚ್ಚಿಡಬೇಕು. ಮೂವತ್ತು ಮಕ್ಕಳು ಸುತ್ತ ನಿಂತಿರುವಾಗ ಅದು ಆಗುವ ಮಾತಲ್ಲ. ಉಳಿದದ್ದು ಫ್ಯೂಜಿಫಿಲ್ಮ್‌ನ ಇನ್‌ಸ್ಟಾಕ್ಸ್ ಮಿನಿ 12, 2023ರಲ್ಲಿ ಬಂದ ಮಾಡೆಲ್. ಒಳಗೆ ಮೆಮೊರಿ ಇಲ್ಲ, ನೆಗೆಟಿವ್ ಇಲ್ಲ. ಒತ್ತಿದರೆ ಒಂದು ಹಾಳೆ ಹೊರಗೆ ಬರುತ್ತದೆ. ಜಗತ್ತಿನಲ್ಲಿ ಆ ಚಿತ್ರ ಇರುವುದು ಅದೊಂದೇ.

ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್‌ನಲ್ಲಿ ಇಳಿದು ಫೋರ್ಟ್ ಕಡೆ ಬೋರಾ ಬಝಾರ್‌ಗೆ ಹೋಗಿ ತಗೊಂಡೆ. ಕ್ಯಾಮೆರಾ ಅಂಗಡಿಗಳೆಲ್ಲ ಅಲ್ಲೇ ಒತ್ತೊತ್ತಾಗಿ ಇವೆ. ಭಾನುವಾರ ಹೋಗಬೇಡಿ, ಬಹಳ ಅಂಗಡಿ ಮುಚ್ಚಿರುತ್ತವೆ. ಆನ್‌ಲೈನ್‌ನಲ್ಲೂ ಸಿಗುತ್ತದೆ, ಆದರೆ ಫಿಲ್ಮ್ ಪ್ಯಾಕ್ ಮೇಲೆ ಅಚ್ಚಾಗಿರುವ ದಿನಾಂಕವನ್ನು ಕೈಯಲ್ಲಿ ಹಿಡಿದು ನೋಡಿ ತಗೊಳ್ಳುವುದು ವಾಸಿ. ಹಳೆಯ ಫಿಲ್ಮ್ ಆದರೆ ಬಣ್ಣ ಮಂಕಾಗುತ್ತದೆ.

ಬಳಸುವುದು ಸುಲಭ. ಲೆನ್ಸ್‌ನ ಸುತ್ತಿನ ಉಂಗುರ ತಿರುಗಿಸಿದರೆ ಆನ್, ಇನ್ನೊಂದು ಸುತ್ತು ತಿರುಗಿಸಿದರೆ ಹತ್ತಿರದ ಚಿತ್ರಕ್ಕೆ ರೆಡಿ, 30ರಿಂದ 50 ಸೆಂಟಿಮೀಟರ್. ಬೆಳಕಿನ ಲೆಕ್ಕ ಅದೇ ಮಾಡಿಕೊಳ್ಳುತ್ತದೆ. ಎರಡು ಎಎ ಸೆಲ್ ಹಾಕಿದರೆ ಸುಮಾರು 100 ಚಿತ್ರ ಬರುತ್ತದೆ, ನಾನೀಗ ಮೂರನೇ ಜೊತೆಯಲ್ಲಿದ್ದೇನೆ. ಹೊಸ ಪ್ಯಾಕ್ ಹಾಕಿ ಮೊದಲ ಸಲ ಒತ್ತಿದಾಗ ಒಂದು ಕಪ್ಪು ಹಾಳೆ ಹೊರಗೆ ಬರುತ್ತದೆ, ಅದು ಫಿಲ್ಮ್‌ನ ಮುಚ್ಚಳ ಅಷ್ಟೇ. ಆ ಕಪ್ಪು ಹಾಳೆಗೂ ನಮ್ಮಲ್ಲಿ ಪಾಳಿ ಇದೆ, ಬುಕ್‌ಮಾರ್ಕ್ ಮಾಡಿಕೊಳ್ಳುತ್ತಾರೆ.

ಲೆನ್ಸ್ ಪಕ್ಕದಲ್ಲಿ ಒಂದು ಬಟನ್ ಗಾತ್ರದ ಕನ್ನಡಿ ಇದೆ, ಸೆಲ್ಫಿಗೆ ಅಂತ. ನನಗೆ ಅದು ಮೊದಲು ಬೇಡದ ಅಲಂಕಾರ ಅನ್ನಿಸಿತ್ತು. ಆದರೆ ಮಕ್ಕಳಿಗೆ ಅದೇ ಎಲ್ಲಕ್ಕಿಂತ ಮುಖ್ಯವಾಯಿತು. ಅಲ್ಲಿ ಇರುವುದು ಒಂದೇ ದೊಡ್ಡ ಕನ್ನಡಿ, ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಒಬ್ಬೊಬ್ಬರಿಗೆ ಅರ್ಧ ನಿಮಿಷವೂ ಸಿಗುವುದಿಲ್ಲ. ಇಲ್ಲಿ ಅವರು ಕ್ಯಾಮೆರಾ ಕಡೆ ನೋಡುತ್ತಾ ತಮ್ಮನ್ನೇ ನೋಡಿಕೊಳ್ಳುತ್ತಾರೆ. ಕೂದಲು ಸರಿಮಾಡಿಕೊಳ್ಳುತ್ತಾರೆ. ಯಾವ ನಗು ಇಟ್ಟುಕೊಳ್ಳಬೇಕು ಅಂತ ಅವರೇ ತೀರ್ಮಾನಿಸುತ್ತಾರೆ. ನಾನು "ನಗು" ಅಂತ ಒಂದು ಸಲವೂ ಹೇಳುವುದಿಲ್ಲ. ನಗದೆ ಇರುವವರೂ ಇದ್ದಾರೆ, ಅವರ ಚಿತ್ರವೂ ಚೆನ್ನಾಗಿದೆ.

ಹೊರಗೆ ಬಂದ ಹಾಳೆ ಮೊದಲು ಬರೀ ಬಿಳಿ. ಸುಮಾರು ಒಂದೂವರೆ ನಿಮಿಷದಲ್ಲಿ ಮುಖ ಮೂಡುತ್ತದೆ. ಅಲ್ಲಾಡಿಸಬಾರದು, ಅಲ್ಲಾಡಿಸಿದರೆ ಬೇಗ ಬರುತ್ತದೆ ಅನ್ನುವುದು ಸುಳ್ಳು. ಆ ಒಂದೂವರೆ ನಿಮಿಷ ಮಕ್ಕಳೆಲ್ಲ ಉಸಿರು ಬಿಗಿ ಹಿಡಿದು ಒಬ್ಬಳ ಅಂಗೈಯನ್ನೇ ನೋಡುತ್ತಾ ಕೂರುವುದನ್ನು ನೀವು ನೋಡಬೇಕು. ಮೊದಲ ದಿನ ವಿಜಯಪುರ ಕಡೆಯ ಒಬ್ಬಳಿದ್ದಳು, ಕಟ್ಟಡದ ಕೆಲಸಕ್ಕೆ ಅಂತ ಅಪ್ಪ ಅಮ್ಮನ ಜೊತೆ ಮುಂಬಯಿಗೆ ಬಂದವಳು, ನನ್ನ ಜೊತೆ ಮಾತ್ರ ಕನ್ನಡ ಮಾತಾಡುತ್ತಿದ್ದಳು. ಮೂಡಿದ ಫೋಟೋ ನೋಡಿ ಅವಳು ಮೊದಲು ಕೇಳಿದ್ದು, "ಅಕ್ಕಾರ, ಇದು ನಂದ ಏನ್ರಿ? ವಾಪಸ್ ಕೊಡಬೇಕೇನ್ರಿ?" ಅಂತ. ನಿಂದೇ ಅಂದೆ. ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಹೇಳಿದೆ.

ಸೈಜ್ ಬಗ್ಗೆ ಬಹಳ ಜನ ದೂರು ಹೇಳುತ್ತಾರೆ. ಹಾಳೆ 86 ಮಿಲಿಮೀಟರ್ ಉದ್ದ, 54 ಅಗಲ, ಒಳಗಿನ ಚಿತ್ರ ಬರೀ 62 ಮತ್ತು 46. ಹೆಚ್ಚುಕಡಿಮೆ ಎಟಿಎಂ ಕಾರ್ಡಿನ ಅಳತೆ. ಗೋಡೆಗೆ ಹಾಕಲು ಇದು ಸಣ್ಣದು, ನಿಜ. ಆದರೆ ಬಾಲಗೃಹದ ಮಗುವಿಗೆ ಗೋಡೆ ಎಲ್ಲಿದೆ? ಒಂದು ಮಂಚ, ಒಂದು ಟ್ರಂಕು, ಅಷ್ಟೇ ಅವಳದು. ಈ ಅಳತೆ ಕಂಪಾಸ್ ಬಾಕ್ಸ್ ಒಳಗೆ ಸರಿಯಾಗಿ ಕೂರುತ್ತದೆ. ಕೋನಮಾಪಕದ ಕೆಳಗೆ ಇಟ್ಟುಕೊಂಡು ಶಾಲೆಗೆ ಹೋಗುವವರು ನಮ್ಮಲ್ಲಿ ಹತ್ತು ಜನ ಇದ್ದಾರೆ.

ಇನ್ನು ನೀವು ತಗೊಳ್ಳುವ ಮೊದಲು ತಿಳಿದಿರಲೇಬೇಕಾದದ್ದು ಫ್ಲ್ಯಾಶ್. ಇದರಲ್ಲಿ ಫ್ಲ್ಯಾಶ್ ಆಫ್ ಮಾಡುವ ಬಟನ್ ಇಲ್ಲ. ಹಗಲಿರಲಿ, ಅಂಗಳವಿರಲಿ, ಪ್ರತಿ ಸಲ ಹೊಡೆಯುತ್ತದೆ. ಇದು ಕ್ಯಾಮೆರಾದ ದೋಷ ಅಲ್ಲ, ಹಾಗೆಯೇ ಮಾಡಿದ್ದಾರೆ, ಬಾಕ್ಸ್ ಮೇಲೂ ಇದೆ. ನಾನು ಅದನ್ನು ಓದಿದ್ದೆ, ಅದರ ಅರ್ಥ ಏನು ಅಂತ ಯೋಚಿಸಿರಲಿಲ್ಲ. ಮೊದಲ ದಿನವೇ ಏಳು ವರ್ಷದ ಒಬ್ಬಳು ಫ್ಲ್ಯಾಶ್ ಹೊಡೆದ ಕೂಡಲೇ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೂತುಬಿಟ್ಟಳು. ಹತ್ತು ನಿಮಿಷ ಏಳಲಿಲ್ಲ. ಮಾವ್ಶಿ, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಅಮ್ಮ, ಬಂದು ಮಡಿಲಲ್ಲಿ ಕೂರಿಸಿಕೊಂಡರು. ಅವಳಿಗೆ ಏನು ನೆನಪಾಯಿತೋ ನಾನು ಕೇಳಲಿಲ್ಲ. ಕೇಳಬಾರದು ಕೂಡ. ತಪ್ಪು ನನ್ನದು, ಮೊದಲೇ ತೋರಿಸಬೇಕಿತ್ತು.

ಅವತ್ತಿನಿಂದ ಮೊದಲ ಚಿತ್ರ ನನ್ನದೇ. ಒಬ್ಬ ಮಗು ನನ್ನ ಫೋಟೋ ತೆಗೆಯುತ್ತದೆ, ಎಲ್ಲರೂ ಫ್ಲ್ಯಾಶ್ ನೋಡುತ್ತಾರೆ, ಬೇಡ ಅನ್ನಿಸಿದವರು ಎದ್ದು ಹೋಗಬಹುದು. ಹೋದವರನ್ನು ಯಾರೂ ಕರೆಯುವುದಿಲ್ಲ. ಒಂದು ಸಲ ಬೇಡ ಅಂದವರು ಮುಂದಿನ ಸಲ ಹೂಂ ಅನ್ನಬಹುದು, ಹೂಂ ಅಂದವರು ಬೇಡ ಅನ್ನಬಹುದು. ಪ್ರತಿ ಸಲ ಕೇಳಬೇಕು. ಆ ಏಳು ವರ್ಷದವಳು ಅಕ್ಟೋಬರ್‌ನಲ್ಲಿ ತಾನಾಗಿ ಬಂದಳು, ಫ್ಲ್ಯಾಶ್ ಮೇಲೆ ತಾನೇ ಒಂದು ತೆಳು ಕರ್ಚೀಫ್ ಹಿಡಿದುಕೊಂಡು. ಚಿತ್ರ ಸ್ವಲ್ಪ ಕತ್ತಲೆ ಬಂತು, ಕರ್ಚೀಫಿನ ಮೂಲೆಯೂ ಬಂತು. ಅವಳಿಗೆ ತುಂಬಾ ಇಷ್ಟವಾಯಿತು.

ಫ್ಲ್ಯಾಶ್ ತಲುಪುವುದು ಸುಮಾರು 2.2 ಮೀಟರ್ ತನಕ. ಅದಕ್ಕಿಂತ ದೂರ ನಿಂತು ಹಾಲ್‌ನಲ್ಲಿ ಗುಂಪು ಚಿತ್ರ ತೆಗೆದರೆ ಹಿಂದಿನ ಸಾಲು ಕತ್ತಲೆಗೆ ಹೋಗುತ್ತದೆ. ಗುಂಪು ಚಿತ್ರ ಏನಿದ್ದರೂ ಅಂಗಳದಲ್ಲಿ, ಬಿಸಿಲು ಇಳಿದ ಮೇಲೆ. ತೀರಾ ಹತ್ತಿರ ಹೋದರೆ ಮುಖ ಬಿಳಿಚಿಕೊಳ್ಳುತ್ತದೆ. ಕಪ್ಪಗಿರುವ ಮಕ್ಕಳಿಗೆ ಒಮ್ಮೊಮ್ಮೆ ಅದು ಖುಷಿ ಕೊಡುತ್ತದೆ, "ನೋಡಿ ತಾಈ, ನಾನು ಬೆಳ್ಳಗಾದೆ" ಅನ್ನುತ್ತಾರೆ, ನನಗೆ ಅದು ಸ್ವಲ್ಪವೂ ಸೇರುವುದಿಲ್ಲ. ಒಂದು ಮೀಟರ್ ದೂರ, ಕಿಟಕಿಯ ಬೆಳಕು ಪಕ್ಕದಿಂದ. ಮಕ್ಕಳ ಮೈಬಣ್ಣ ಇದ್ದ ಹಾಗೆ ಬರುವುದು ಅಲ್ಲಿ.

ಇನ್ನೊಂದು, ಯಾವ ರಿವ್ಯೂನಲ್ಲೂ ನಾನು ಓದದ ವಿಷಯ. ಈ ಫೋಟೋ ಕತ್ತರಿಸಬಾರದು. ಹಾಳೆಯ ಒಳಗೆ ಚಿತ್ರ ಮೂಡಿಸುವ ಪೇಸ್ಟ್ ಇರುತ್ತದೆ, ಅದು ಕ್ಷಾರ, ಚರ್ಮಕ್ಕೂ ಕಣ್ಣಿಗೂ ಒಳ್ಳೆಯದಲ್ಲ. ನಮ್ಮಲ್ಲಿ ಇಬ್ಬರು ಜೀವದ ಗೆಳತಿಯರು ಒಟ್ಟಿಗೆ ಒಂದು ಚಿತ್ರ ತೆಗೆಸಿಕೊಂಡಿದ್ದರು. ಆಗಸ್ಟ್‌ನಲ್ಲಿ ಜಗಳ ಆಯಿತು. ಒಬ್ಬಳು ಕತ್ತರಿ ಹಿಡಿದುಕೊಂಡು ಕೂತಳು, ಅವಳ ಅರ್ಧ ಅವಳಿಗೆ ಬೇಕು. ಮಾವ್ಶಿ ಕತ್ತರಿ ತಗೊಂಡರು, ಫೋಟೋ ಆಫೀಸಿಗೆ ಹೋಯಿತು, ಇಬ್ಬರೂ ಅತ್ತರು. ಜೋಡಿ ಚಿತ್ರ ತೆಗೆಯುವುದಾದರೆ ಇಬ್ಬರಿಗೂ ಒಂದೊಂದು, ಜೊತೆಗೆ ಒಬ್ಬೊಬ್ಬರದೇ ಒಂದು, ಈಗ ನಾವು ಹಾಗೆ ಮಾಡಿಕೊಂಡಿದ್ದೇವೆ. ಖರ್ಚು ಜಾಸ್ತಿ. ಆದರೆ ಪ್ರತಿಯೊಂದನ್ನೂ ಹಂಚಿಕೊಂಡೇ ಬದುಕುವ ಮಕ್ಕಳಿಗೆ ಅವರ ಮುಖವನ್ನೂ ಹಂಚಿಕೊಳ್ಳಿ ಅನ್ನಲು ನನಗೆ ಬಾಯಿ ಬರಲಿಲ್ಲ.

ಲೆಕ್ಕದ ವಿಷಯಕ್ಕೆ ಬರುತ್ತೇನೆ. ಪ್ಯಾಕ್‌ನಲ್ಲಿ 10 ಹಾಳೆ. ಒಂದು ಒತ್ತಿಗೆ ಸುಮಾರು 50-60 ರೂಪಾಯಿ ಬೀಳುತ್ತದೆ. ನಮ್ಮಲ್ಲಿ 34 ಮಕ್ಕಳು, ಅದರಲ್ಲಿ 30 ಜನರ ಮುಖ ತೆಗೆಯಬಹುದು. ಎಲ್ಲರಿಗೂ ಸಾಕಾಗುವಷ್ಟು ಫಿಲ್ಮ್ ಕೈಯಲ್ಲಿ ಇಲ್ಲದೆ ಕ್ಯಾಮೆರಾ ಹೊರಗೆ ತೆಗೆಯಲೇಬೇಡಿ, ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ಇಪ್ಪತ್ತೊಂಬತ್ತು ಜನರಿಗೆ ಸಿಕ್ಕಿ ಒಬ್ಬಳಿಗೆ ಮುಂದಿನ ವಾರ ಅಂದರೆ ಅವಳು ಆ ವಾರವನ್ನು ಮರೆಯುವುದಿಲ್ಲ. ಪ್ಯಾಕ್ ಮುಗಿಯುವ ತನಕ ಕ್ಯಾಮೆರಾ ಹಿಂದಿನ ಬಾಗಿಲು ತೆರೆಯಬಾರದು, ತೆರೆದರೆ ಬೆಳಕು ತಾಗಿ ಒಳಗಿನ ಹಾಳೆ ಹಾಳಾಗುತ್ತದೆ, ಹಾಗಾಗಿ ಒಂದು ಪ್ಯಾಕ್ ಯಾವಾಗಲೂ ಹೆಚ್ಚು ಇಟ್ಟುಕೊಳ್ಳಿ. 14 ತಿಂಗಳಲ್ಲಿ 21 ಪ್ಯಾಕ್ ಮುಗಿದಿದೆ. ನನ್ನ ಪೆನ್ಷನ್‌ನಿಂದ ಅರ್ಧ. ಉಳಿದದ್ದು ಮಾಟುಂಗಾದ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದಾಗ ಸಿಗುವ ಗೆಳತಿಯರು ಕೊಟ್ಟದ್ದು. ಅವರಿಗೆ ನಾನು ಹೇಳಿದ್ದು ಇಷ್ಟೇ, ಮೊಮ್ಮಗನ ಬರ್ತ್‌ಡೇಗೆ ಅಲ್ಲಿಗೆ ಕೇಕ್ ತರಬೇಡಿ, ಫಿಲ್ಮ್ ಕೊಡಿ, ಚಿತ್ರ ನೋಡಲು ಮಾತ್ರ ಕೇಳಬೇಡಿ. ಒಬ್ಬರಿಗೆ ಬೇಜಾರಾಯಿತು. ಉಳಿದವರು ಕೊಡುತ್ತಿದ್ದಾರೆ.

ಮುಖ ತೆಗೆಯಬಾರದ ಆ ನಾಲ್ವರ ಬಗ್ಗೆ ನನಗೆ ಮೊದಲು ತುಂಬಾ ಚಿಂತೆ ಇತ್ತು. ಅವರನ್ನು ಆ ದಿನ ಬೇರೆ ಕಡೆ ಕಳಿಸೋಣ ಅಂತ ಯಾರೋ ಹೇಳಿದರು, ಮ್ಯಾಡಮ್ ಬೇಡ ಅಂದರು. ಅವರಿಗೆ ಕ್ಯಾಮೆರಾ ಕೊಟ್ಟೆವು. ಉಳಿದವರ ಚಿತ್ರ ತೆಗೆಯುವವರು ಅವರೇ. ಜೊತೆಗೆ ಅವರಿಗೂ ಎರಡೆರಡು ಹಾಳೆ, ಏನು ಬೇಕಾದರೂ ತೆಗೆದುಕೊಳ್ಳಬಹುದು, ಮುಖ ಬಿಟ್ಟು. ಒಬ್ಬಳು ಮೆಹಂದಿ ಹಾಕಿದ ತನ್ನ ಕೈ ತೆಗೆದಳು. ಒಬ್ಬಳು ತನ್ನ ಚಪ್ಪಲಿ. ಇನ್ನೊಬ್ಬಳು ತಾನು ಬೆಳೆಸಿದ ಟೊಮೆಟೊ ಗಿಡ. ನಾಲ್ಕನೆಯವಳು ಇನ್ನೂ ಏನೂ ತೆಗೆದಿಲ್ಲ, ಅವಳ ಎರಡು ಹಾಳೆ ಲೆಕ್ಕದಲ್ಲಿ ಹಾಗೇ ಇಟ್ಟಿದ್ದೇನೆ. ನೋಡಿ, ಇವರು ತೆಗೆಯುವ ಚಿತ್ರಗಳಲ್ಲಿ ಮಕ್ಕಳು ಬೇರೆಯೇ ರೀತಿ ಇರುತ್ತಾರೆ. ನನ್ನ ಮುಂದೆ ನೆಟ್ಟಗೆ ನಿಲ್ಲುವವಳು ಅವರ ಮುಂದೆ ನಾಲಿಗೆ ಹೊರಗೆ ಹಾಕುತ್ತಾಳೆ. ಎಳೆಯ ಕೈಗೆ ಈ ಕ್ಯಾಮೆರಾ ಹಿಡಿಯಲು ಚೆನ್ನಾಗಿದೆ, ದುಂಡಗೆ, ಹಗುರ. ಅದರ ಬಗ್ಗೆ ನನ್ನದು ಪೂರ್ತಿ ಮಾರ್ಕು.

ಕಾಪಿ ಇಲ್ಲದಿರುವುದೇ ಇದರ ದೊಡ್ಡ ಗುಣ ಅಂದೆನಲ್ಲ, ಅದೇ ಇದರ ದೊಡ್ಡ ಕೊರತೆ ಕೂಡ. ಯೂನಿಫಾರ್ಮ್ ಜೇಬಿನಲ್ಲಿ ಇಟ್ಟುಕೊಂಡಿದ್ದ ಒಬ್ಬಳ ಫೋಟೋ ಬಟ್ಟೆಯ ಜೊತೆ ಒಗೆದುಹೋಯಿತು. ಹೋದದ್ದು ಹೋಯಿತು. ಹಾಗಾಗಿ ಎರಡನೇ ಸುತ್ತಿನಿಂದ ಪ್ರತಿಯೊಬ್ಬರದೂ ಎರಡು ಚಿತ್ರ ತೆಗೆಯುತ್ತೇವೆ. ಒಂದು ಅವಳ ಕೈಗೆ, ಹರಿಯಲಿ, ಕಳೆಯಲಿ, ಯಾರಿಗಾದರೂ ತೋರಿಸಲಿ. ಇನ್ನೊಂದು ಅವಳ ಹೆಸರಿನ ಲಕೋಟೆಗೆ, ಆಫೀಸಿನ ಬೀಗ ಹಾಕಿದ ಕಪಾಟಿಗೆ. ಕೇಸ್ ಫೈಲ್ ಬೇರೆ, ಈ ಲಕೋಟೆ ಬೇರೆ, ಎರಡೂ ಸೇರಬಾರದು ಅಂತ ಮ್ಯಾಡಮ್‌ಗೆ ನಾನು ಬೇಡಿಕೊಂಡೆ, ಅವರೂ ಒಪ್ಪಿದರು. ವಿದೇಶಗಳಲ್ಲಿ ದತ್ತು ಹೋಗುವ, ಬೇರೆ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಹೀಗೆ ಅವರ ಬದುಕಿನ ಕಥೆಯ ಪುಸ್ತಕ ಮಾಡಿ ಕೊಡುವ ಪದ್ಧತಿ ಇದೆ. ಎಲ್ಲಿದ್ದೆ, ಯಾರು ನೋಡಿಕೊಂಡರು, ಯಾವ ಹಲ್ಲು ಯಾವಾಗ ಬಿತ್ತು ಅನ್ನುವುದೆಲ್ಲ ಅದರಲ್ಲಿ ಇರುತ್ತದಂತೆ. ನಮ್ಮದು ಅಷ್ಟು ದೊಡ್ಡದಲ್ಲ, ಲಕೋಟೆ ಅಷ್ಟೇ. ಫೋಟೋದ ಕೆಳಗಿನ ಬಿಳಿ ಪಟ್ಟಿಯಲ್ಲಿ ತಿಂಗಳು ಮತ್ತು ಒಂದು ಮಾತು ಅವರೇ ಬರೆಯುತ್ತಾರೆ. ಬಾಲ್ ಪೆನ್ ಅದರ ಮೇಲೆ ಜಾರುತ್ತದೆ, ಸಿ.ಡಿ. ಮೇಲೆ ಬರೆಯುವ ಮಾರ್ಕರ್ ತಗೊಳ್ಳಿ, ಒಣಗುವ ತನಕ ಮುಟ್ಟಬೇಡಿ. ಪ್ಲಾಸ್ಟಿಕ್ ಹಾಳೆಗೆ ಅಂಟಿಸುವ ಆಲ್ಬಮ್ ಬೇಡ, ಮುಂಬಯಿಯ ಮಳೆಗಾಲದ ತೇವಕ್ಕೆ ಅದು ಫೋಟೋವನ್ನೇ ಹಿಡಿದುಕೊಂಡುಬಿಡುತ್ತದೆ. ಜೇಬಿನ ಹಾಗೆ ಒಳಗೆ ಜಾರಿಸುವುದು ಒಳ್ಳೆಯದು. ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ, ಬಣ್ಣ ಹೋಗುತ್ತದೆ.

ವಿಜಯಪುರದವಳು ಫೆಬ್ರವರಿಯಲ್ಲಿ ಊರಿಗೆ ಹೋದಳು. ಅಜ್ಜಿ ಸಿಕ್ಕಿದರು, ಸಮಿತಿ ಒಪ್ಪಿತು. ಲಕೋಟೆ ಅವಳ ಜೊತೆ ಹೋಯಿತು, ಐದು ಚಿತ್ರ. ಹೊರಡುವಾಗ ಅಜ್ಜಿಯೇ ಗೇಟಿನ ಹತ್ತಿರ ನಿಂತು ಒಂದೊಂದಾಗಿ ತೆಗೆದು ನೋಡಿದರು. "ಇಲ್ಲಿ ಎಷ್ಟ ದಪ್ಪ ಆಗ್ಯಾಳ ನೋಡ್ರಿ" ಅಂದರು.

ಯಾರಿಗೆ ಇದು ಬೇಡ ಅಂತಲೂ ಹೇಳುತ್ತೇನೆ. ವರ್ಷಕ್ಕೊಮ್ಮೆ ಬಾಲಗೃಹಕ್ಕೆ ಹೋಗುವವರು ಇದನ್ನು ತಗೊಂಡು ಹೋಗಬೇಡಿ. ಸಂಸ್ಥೆಯವರ ಹತ್ತಿರ ಬರಹದಲ್ಲಿ ಒಪ್ಪಿಗೆ ಇಲ್ಲದೆ ಬ್ಯಾಗಿನಿಂದ ತೆಗೆಯಬೇಡಿ. ತೆಗೆದ ಮೇಲೆ "ಒಂದೇ ಒಂದು" ಅಂತ ಆ ಹಾಳೆಯನ್ನು ಫೋನಿನಲ್ಲಿ ತೆಗೆದುಕೊಳ್ಳುವ ಆಸೆ ಬರುತ್ತದೆ, ನನಗೂ ಬಂದಿತ್ತು, ಅಷ್ಟು ಚೆಂದದ ಚಿತ್ರಗಳು. ಆ ಆಸೆ ಗೆಲ್ಲಲು ಆಗದವರಿಗೂ ಬೇಡ. ಉಳಿದವರಿಗೆ, 5ರಲ್ಲಿ 4 ಸ್ಟಾರ್. ಒಂದು ಸ್ಟಾರ್ ಕಡಿಮೆ ಮಾಡಿದ್ದು ಫ್ಲ್ಯಾಶ್‌ಗೆ. ಅದನ್ನು ಆರಿಸುವ ಒಂದು ಬಟನ್ ಇದ್ದಿದ್ದರೆ ಕಣ್ಣು ಮುಚ್ಚಿ 5 ಕೊಡುತ್ತಿದ್ದೆ.

ಬಾಲ್ಯದ ಫೋಟೋ ಕೇಳಿದ ಹುಡುಗಿಗೆ ಈ ಜುಲೈಯಲ್ಲಿ 18 ತುಂಬುತ್ತದೆ. ಬಾಲಗೃಹ ಬಿಡಬೇಕು. 21ರ ತನಕ, ಹೀಗೆ ಬಿಟ್ಟು ಹೊರಡುವವರಿಗೆ ಆಸರೆ ಕೊಡುವ ಆಫ್ಟರ್‌ಕೇರ್‌ನಲ್ಲಿ ಇರಬಹುದು, ಅದಕ್ಕೆ ಅರ್ಜಿ ಹಾಕಿದ್ದಾರೆ. ಅವಳಿಗೆ ಅಂತ ಒಂದು ಪೂರ್ತಿ ಪ್ಯಾಕ್ ತೆಗೆದಿಟ್ಟಿದ್ದೆ, ಹೋಗುವ ಮುಂಚೆ ಏನೇನು ತೆಗೆದುಕೊಳ್ಳಬೇಕು ಅಂತ ಪಟ್ಟಿ ಮಾಡು ಅಂದೆ. ಹೋದ ಭಾನುವಾರ ಕೊಟ್ಟಳು. ಮಾವ್ಶಿ ಇದ್ದಾರೆ, ಮಾವ್ಶಿ ಚಪಾತಿ ಮಾಡುವಾಗಿನ ಕೈ ಬೇರೆಯಾಗಿ ಇದೆ. ಕಿಟಕಿ ಪಕ್ಕದ ಮಂಚ, ನೀರಿನ ಡ್ರಮ್, ಮೆಟ್ಟಿಲ ಕೆಳಗೆ ಮಲಗುವ ನಾಯಿ, ಕನ್ನಡಿ. ಮ್ಯಾಡಮ್ ನಗುವಾಗ ಅಂತ ಬರೆದು ಅದರ ಕೆಳಗೆ ಗೆರೆ ಎಳೆದಿದ್ದಾಳೆ. ಆ ಬೆನ್ನಿನ ಫೋಟೋದ ಎರಡು ಜಡೆಯವಳೂ ಇದ್ದಾಳೆ. ಪಟ್ಟಿಯಲ್ಲಿ ಒಟ್ಟು 13. ಪ್ಯಾಕ್‌ನಲ್ಲಿ 10. ಬುಧವಾರ ಫೋರ್ಟ್‌ಗೆ ಹೋಗಿ ಇನ್ನೊಂದು ತರುತ್ತೇನೆ.